100 ತೋಟಾ, 17 ತಡೆ

ಹೊಸ ರೈಫಲ್ ತಂದ ಮೊದಲ ಶನಿವಾರ ಶೂಟಿಂಗ್ ರೇಂಜಿಗೆ ಹೋಗಿ 100 ತೋಟಾ ಹೊಡೆದೆ. 17 ಸಲ ಅದು ಸಿಕ್ಕಿಕೊಂಡು ನಿಂತಿತು. ಅಂದರೆ ಹೆಚ್ಚುಕಡಿಮೆ ಆರು ಈಡಿಗೊಮ್ಮೆ ನಾನು ಬೆರಳನ್ನು ಟ್ರಿಗರ್‌ನಿಂದ ಹೊರಗೆ ತೆಗೆದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದುಕೊಂಡು, ಏನಾಯಿತು ಅಂತ ನೋಡಬೇಕಾಯಿತು. ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ತಾತನ ಜೊತೆ ಬಂದು, ಪ್ರತಿ ಸಲ ಕೈಯಿಂದ ಎಳೆದು ತೋಟಾ ತುಂಬುವ ಹಳೇ ಬೋಲ್ಟ್ ರೈಫಲ್‌ನಲ್ಲಿ ಒಂದೇ ಸಮನೆ ಹೊಡೆಯುತ್ತಿದ್ದಳು. ಅವಳದು ಒಂದು ಸಲವೂ ನಿಲ್ಲಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಎಷ್ಟೋ ವರ್ಷದ ಆಸೆ ಅದು.

ನಾನಿರುವುದು ಅಮೆರಿಕದ ಒಹಾಯೊದಲ್ಲಿ, ಕೊಲಂಬಸ್ ಹತ್ತಿರ. ಊರು ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಮನೆಯಲ್ಲಿ ಅಪ್ಪಯ್ಯನ ಹೆಸರಿನ ಲೈಸೆನ್ಸ್ ಕೋವಿ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುವುದು, ಮುಗಿದ ಮೇಲೆ ಮತ್ತೆ ತರುವುದು. ಇದನ್ನೆಲ್ಲ ನೋಡಿಕೊಂಡೇ ಬೆಳೆದವನು. ಆದರೆ ಕೋವಿ ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ. ಇಲ್ಲಿಗೆ ಬಂದ ಮೇಲೂ ಎಚ್‌1ಬಿ ವೀಸಾದಲ್ಲಿದ್ದಷ್ಟು ದಿನ ಕೊಳ್ಳುವ ಯೋಚನೆಯನ್ನೇ ಮಾಡಲಿಲ್ಲ. ಇಲ್ಲಿನ ಕಾನೂನು ಆ ತರದ ವೀಸಾದವರಿಗೆ ಸಾಮಾನ್ಯವಾಗಿ ಬಂದೂಕು ಕೊಳ್ಳಲು ಬಿಡುವುದಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ನನಗೆ ಬೇಟೆ ಬೇಕಿರಲಿಲ್ಲ. ಕಾಗದದ ಗುರಿಗೆ ನೆಟ್ಟಗೆ ಹೊಡೆಯುವುದನ್ನು ಕಲಿಯಬೇಕಿತ್ತು, ಅಷ್ಟೇ. ಗ್ರೀನ್ ಕಾರ್ಡ್ ಬಂದ ಮೇಲೆ ಅಂಗಡಿಗೆ ಹೋಗಿ, ಬಂದೂಕು ಕೊಳ್ಳುವವರು ತುಂಬುವ 4473 ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ, ಒಂದು ಸೆಮಿ-ಆಟೊ .22 ರೈಫಲ್ ತಂದೆ. ಸೆಮಿ-ಆಟೊ ಅಂದರೆ ಒಂದು ಈಡಾದ ಮೇಲೆ ಮುಂದಿನ ತೋಟಾ ತಾನೇ ತುಂಬಿಕೊಳ್ಳುವಂಥದ್ದು. .22 ಅಂದರೆ ಪಾಯಿಂಟ್ ಟೂ ಟೂ ಅಂತಾರಲ್ಲ, ಅದೇ, ನಳಿಗೆಯ ತೂತು ಸುಮಾರು 0.22 ಇಂಚು. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಯಾಕೆಂದರೆ ಕೊನೆಗೆ ಗೊತ್ತಾದ ತೊಂದರೆಗಳಲ್ಲಿ ದೊಡ್ಡದು ನಾನೇ ಮಾಡಿಕೊಂಡಿದ್ದು.

ಆ ಶನಿವಾರ ಸಂಜೆ, ಇಲ್ಲೇ ಇರುವ ಶಿವಮೊಗ್ಗದ ಕಡೆಯ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಈ ಹವ್ಯಾಸ ನನಗಿಂತ ಹಳೆಯದು. "ಮಾರಾಯ, ಸ್ಪ್ರಿಂಗು, ಎಕ್ಸ್‌ಟ್ರಾಕ್ಟರ್ರು, ಫೈರಿಂಗ್ ಪಿನ್ನು ಎಲ್ಲಾ ಹೊಸದು ಹಾಕಿಬಿಡು. 90 ಡಾಲರ್ ಒಳಗೆ ಮುಗೀತದೆ" ಅಂದ. ಆರ್ಡರ್ ಮಾಡಲು ಕೂತೂ ಇದ್ದೆ. ಆಮೇಲೆ ಅನ್ನಿಸಿತು, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ ಅದು ಸರಿಯಾದರೆ, ಏನು ಕೆಟ್ಟಿತ್ತು ಅಂತಲೇ ನನಗೆ ಗೊತ್ತಾಗುವುದಿಲ್ಲ. ಸರಿಯಾಗದಿದ್ದರೆ ಹೊಸ ಭಾಗಗಳ ಮೇಲೂ ಅನುಮಾನ ಶುರು. ಹಾಗಾಗಿ ಒಂದು ಪುಟ್ಟ ನೋಟ್‌ಬುಕ್ ತೆಗೆದುಕೊಂಡೆ. ಒಂದು ದಿನಕ್ಕೆ ಒಂದೇ ಬದಲಾವಣೆ, ಪ್ರತಿ ತಡೆಗೂ ಒಂದು ಸಾಲು. ಈ ಬರಹದಲ್ಲಿರುವ ಲೆಕ್ಕವೆಲ್ಲ ಆ ನೋಟ್‌ಬುಕ್‌ನದೇ.

ಮುಂದಕ್ಕೆ ಹೋಗುವ ಮೊದಲು .22 ತೋಟಾದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಉಳಿದಿದ್ದು ಅರ್ಥವಾಗುವುದಿಲ್ಲ.

ದೊಡ್ಡ ತೋಟಾಗಳ ಬುಡದ ನಡುವೆ ಬೆಂಕಿ ಹತ್ತಿಸುವ, ಪುಟ್ಟ ಬಟ್ಟಲಿನಂಥ ಪ್ರೈಮರ್ ಇರುತ್ತದೆ. ಅಪ್ಪಯ್ಯನ ಕೋವಿಯ ತೋಟಾದಲ್ಲೂ ಹಾಗೇ. .22ರಲ್ಲಿ ಅದಿಲ್ಲ. ಹಿತ್ತಾಳೆ ಕೊಳವೆಯ ಬುಡದಲ್ಲಿ ಒಂದು ಅಂಚು ಇರುತ್ತದೆ, ಒಳಗೆ ಟೊಳ್ಳು. ಸಿಡಿಯುವ ಮಸಾಲೆಯನ್ನು ಹಸಿಯಾಗಿದ್ದಾಗಲೇ ಆ ಟೊಳ್ಳಿನೊಳಗೆ ಸುತ್ತಲೂ ಹರಡಿ ಒಣಗಿಸುತ್ತಾರೆ. ಟ್ರಿಗರ್ ಎಳೆದಾಗ ಫೈರಿಂಗ್ ಪಿನ್ ಬಂದು ಅಂಚಿನ ಒಂದು ಜಾಗವನ್ನು ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದ) ಬಾಯಿಗೆ ಒತ್ತಿ ಜಜ್ಜಿದಾಗ ಮದ್ದಿಗೆ ಬೆಂಕಿ ಹತ್ತುತ್ತದೆ. ದೀಪಾವಳಿಯಲ್ಲಿ ಕೇಪನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜುತ್ತಿದ್ದೆವಲ್ಲ, ಅದೇ ಕೆಲಸ. ಕೆಳಗಿನ ಕಲ್ಲು ಗಟ್ಟಿಯಾಗಿ ಕೂತಿರದಿದ್ದರೆ ಕೇಪು ಹೊಡೆಯುತ್ತಿರಲಿಲ್ಲ. ಈ ಕಲ್ಲಿನ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

.22 ಲಾಂಗ್ ರೈಫಲ್ ತೋಟಾ 1887ರಿಂದ ಇದೆ. ರೂಪ ಹೆಚ್ಚೇನೂ ಬದಲಾಗಿಲ್ಲ. ಗುಂಡು ಸೀಸದ್ದು. ಅದರ ಮೇಲೆ ಮೇಣದಂಥದ್ದೋ ತಾಮ್ರದ್ದೋ ತೆಳು ಲೇಪ ಇರುತ್ತದೆ. ಗುಂಡೂ ಕೊಳವೆಯೂ ಒಂದೇ ದಪ್ಪ. ಹಾಗಾಗಿ ಜಿಡ್ಡು ಹೊರಗೇ ಇರುತ್ತದೆ, ಧೂಳು ಹಿಡಿಯುತ್ತದೆ, ಕರಿಮಸಿ ಕಟ್ಟುತ್ತದೆ. ಇಷ್ಟಾದರೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಸ್ವಪ್ನಿಲ್ ಕುಸಾಲೆ 50 ಮೀಟರ್ ರೈಫಲ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ) ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದದ್ದು ಇದೇ ತೋಟಾದಲ್ಲಿ. ಅಂದರೆ ತೋಟಾ ಸಣ್ಣದು ಅಂತ ಅದನ್ನು ಹಗುರವಾಗಿ ನೋಡುವ ಹಾಗಿಲ್ಲ.

ಸೆಮಿ-ಆಟೊ ರೈಫಲ್‌ನಲ್ಲಿ ಇನ್ನೊಂದು ಕಷ್ಟ ಇದೆ. ಈಡು ಹಾರಿದಾಗ ಹಿಂದಕ್ಕೆ ತಳ್ಳುವ ಒತ್ತಡವೇ ಬೋಲ್ಟನ್ನು (ಚೇಂಬರಿನ ಹಿಂದೆ ಜಾರುವ ಉಕ್ಕಿನ ತುಂಡನ್ನು) ಹಿಂದೆ ದಬ್ಬಬೇಕು, ಅದರಲ್ಲಿರುವ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್, ಖಾಲಿ ಕೊಳವೆಯನ್ನು ಹಿಡಿದುಕೊಂಡು ಹೋಗಬೇಕು, ಅದು ಹೊರಗೆ ಚಿಮ್ಮಬೇಕು. ಬೋಲ್ಟ್ ವಾಪಸ್ ಬರುವಾಗ, ತೋಟಾ ತುಂಬಿಡುವ ಮ್ಯಾಗಜೀನ್‌ನಿಂದ ಹೊಸ ತೋಟಾ ಎತ್ತಿ ಒಳಗೆ ತುರುಕಬೇಕು. ಇದಕ್ಕೆಲ್ಲ ಇರುವ ಶಕ್ತಿ ಎರಡೂವರೆ ಗ್ರಾಂ ಗುಂಡಿನ ಒಂದು ಪುಟ್ಟ ತೋಟಾದ್ದು. ಉಳಿಕೆ ಶಕ್ತಿ ಜಾಸ್ತಿ ಇರುವುದಿಲ್ಲ. ಎಲ್ಲೋ ಸ್ವಲ್ಪ ಉಜ್ಜಿದರೂ, ಅಂಟಿದರೂ ಅಲ್ಲಿಗೆ ನಿಂತಿತು.

ಮೊದಲ ದಿನದ 17 ತಡೆಗಳನ್ನು ಮೂರು ಗುಂಪು ಮಾಡಿದೆ. ಟಿಕ್ ಅಂದು ಹಾರದೇ ಇದ್ದದ್ದು 5. ಹಾರಿದ ಮೇಲೆ ಖಾಲಿ ಕೊಳವೆ ಒಳಗೇ ಉಳಿದದ್ದು ಅಥವಾ ಅರ್ಧಕ್ಕೆ ಸಿಕ್ಕಿಕೊಂಡದ್ದು 8. ಹೊಸ ತೋಟಾ ಒಳಗೆ ಹೋಗದೆ ಮೂತಿ ಕೆಳಗೆ ಮಾಡಿ ನಿಂತದ್ದು 4. ಹೀಗೆ ಬರೆದ ಮೇಲೆ ಒಂದು ಗೊತ್ತಾಯಿತು. ಬೆಳಗ್ಗೆಯಿಂದ ನಾನು "ರೈಫಲ್ ಕೆಟ್ಟಿದೆ" ಅಂತ ಒಂದೇ ಮಾತು ಹೇಳುತ್ತಿದ್ದೆ. ಆದರೆ ಇಲ್ಲಿ ಬೇರೆ ಬೇರೆ ಮೂರು ಕಥೆ ಇತ್ತು.

ತಡೆ ಬಂದಾಗ ನಾನು ಮಾಡುತ್ತಿದ್ದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟಿಕ್ ಅಂದರೆ ತಕ್ಷಣ ಬೋಲ್ಟ್ ಎಳೆಯುವುದಿಲ್ಲ. ನಳಿಗೆ ಗುರಿಯ ಕಡೆಗೇ ಇಟ್ಟು ಮನಸ್ಸಿನಲ್ಲೇ 30 ಎಣಿಸುತ್ತೇನೆ. ಕೆಲವೊಮ್ಮೆ ಬೆಂಕಿ ತಡವಾಗಿ ಹತ್ತಬಹುದು. ಆಮೇಲೆ ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ತೋಟಾ ಹೊರಗೆ. ಹಾರದ ತೋಟಾ ಒಳಗೆ ಸಿಕ್ಕಿಕೊಂಡಿದ್ದರೆ ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಲೇಬಾರದು. ಸಿಡಿಯುವ ಮಸಾಲೆ ಇರುವುದೇ ಅಂಚಿನಲ್ಲಿ. ನೀವು ಮೀಟುವುದೂ ಅದೇ ಅಂಚನ್ನು. ಬೋಲ್ಟನ್ನು ಅಂಗೈಯಿಂದ ಗುದ್ದಿ ಮುಚ್ಚುವುದೂ ಅಷ್ಟೇ ಅಪಾಯ. ತೋಟಾ ಪೂರ್ತಿ ಒಳಗೆ ಹೋಗದೆ ಹಾರಿದರೆ ಹಿತ್ತಾಳೆ ಚೂರು ಮುಖಕ್ಕೆ ಬರುತ್ತದೆ. ಕನ್ನಡಕ, ಕಿವಿಗೆ ರಕ್ಷಣೆ ಇಲ್ಲದೆ ಬೆಂಚಿನ ಹತ್ತಿರವೂ ಹೋಗಬೇಡಿ. ಸದ್ದು ಸಣ್ಣಗೆ ಪುಸ್ ಅಂತ ಬಂದರೆ ಅಲ್ಲಿಗೆ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಈಡು ಹಾರಿಸಿದರೆ ನಳಿಗೆ ಉಬ್ಬುತ್ತದೆ. ನನಗೆ ಒಂದು ಸಲ ಹಾಗಾಯಿತು. ರೈಫಲ್ ಖಾಲಿ ಮಾಡಿ ರಾಡ್ ಹಾಕಿ ನೋಡಿದೆ, ದಾರಿ ತೆರವಾಗಿತ್ತು. ಆದರೂ ನೋಡದೆ ಮುಂದುವರಿಯಲಿಲ್ಲ.

ಮೊದಲ ಬದಲಾವಣೆ, ಶುದ್ಧ ಮಾಡುವುದು. ಹೊಸ ರೈಫಲ್‌ಗೆ ಯಾಕೆ ಅಂತ ಅನ್ನಿಸಬಹುದು. ನಾನೂ ಹಾಗೇ ಅಂದುಕೊಂಡು ಡಬ್ಬದಿಂದ ತೆಗೆದ ಹಾಗೇ ರೇಂಜಿಗೆ ಒಯ್ದಿದ್ದೆ. ಆದರೆ ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲಿ ಅಂತ ಎಲ್ಲ ಕಡೆ ದಪ್ಪ ಎಣ್ಣೆ ಹಚ್ಚಿರುತ್ತಾರೆ. ಬೋಲ್ಟ್ ಬಿಚ್ಚಿ ನೋಡಿದರೆ ಫೈರಿಂಗ್ ಪಿನ್ ಓಡಾಡುವ ಸಂದಿಯಲ್ಲಿ ಹಳದಿ ಗ್ರೀಸು ಮೆತ್ತಿಕೊಂಡಿತ್ತು, ಹಲಸಿನ ಮೇಣದ ಹಾಗೆ. ಮೊದಲ ದಿನ ಹೊರಗೆ ಮೈನಸ್ 4 ಡಿಗ್ರಿ. ಆ ಚಳಿಯಲ್ಲಿ ಈ ಗ್ರೀಸು ಇನ್ನಷ್ಟು ಗಟ್ಟಿಯಾಗಿ ಪಿನ್ನಿನ ಓಟಕ್ಕೆ ಅಡ್ಡ ಬಂದಿರಬೇಕು. ಎಲ್ಲ ಒರೆಸಿ, ಸಾಲ್ವೆಂಟ್ ಹಾಕಿ ತೊಳೆದು, ಪಿನ್ನಿನ ಜಾಗವನ್ನು ಪೂರ್ತಿ ಒಣಗಿಸಿದೆ. ಬೋಲ್ಟ್ ಜಾರುವ ಬದಿಗಳಿಗೆ ಮಾತ್ರ ಒಂದೊಂದು ಹನಿ ತೆಳು ಎಣ್ಣೆ.

ಎರಡನೇ ಶನಿವಾರ ಅದೇ ತೋಟಾ, ಅದೇ ಎರಡು ಮ್ಯಾಗಜೀನ್, 100 ಈಡು. 11 ತಡೆ. ಹಾರದೇ ಇದ್ದದ್ದು 5ರಿಂದ 2ಕ್ಕೆ ಇಳಿಯಿತು. ಖುಷಿಯಾಯಿತು. ಆದರೆ ಆ ದಿನ ಬಿಸಿಲಿತ್ತು, 9 ಡಿಗ್ರಿ. ಶುದ್ಧ ಮಾಡಿದ್ದರಿಂದ ಸರಿಹೋಯಿತೋ ಬಿಸಿಲಿನಿಂದಲೋ? ಎರಡು ಒಟ್ಟಿಗೆ ಬದಲಾಗಿತ್ತು. ಜನವರಿಯಲ್ಲಿ ಮತ್ತೆ ಮೈನಸ್ 6 ಬಂದ ದಿನ ರೈಫಲನ್ನು ಒಂದು ಗಂಟೆ ಬೆಂಚಿನ ಮೇಲೇ ತಣ್ಣಗಾಗಲು ಬಿಟ್ಟು ಹೊಡೆದು ನೋಡಿದೆ. ಹಾರದ ತೋಟಾ ಹೆಚ್ಚಲಿಲ್ಲ. ಆಗ ಆ ಸಾಲಿನ ಮುಂದೆ "ಗ್ರೀಸು, ಖಚಿತ" ಅಂತ ಬರೆದೆ.

ಎರಡನೇ ದಿನವೇ ಮ್ಯಾಗಜೀನ್‌ಗಳ ತಳಕ್ಕೆ ಬಿಳಿ ಬಣ್ಣದ ಪೆನ್ನಿನಲ್ಲಿ 1, 2 ಅಂತ ಬರೆದಿದ್ದೆ. ಇಷ್ಟು ಸಣ್ಣ ಕೆಲಸ ಇಷ್ಟು ಉಪಕಾರಕ್ಕೆ ಬಂದದ್ದು ನನಗೇ ಆಶ್ಚರ್ಯ. ಆ ದಿನ ಮೂತಿ ಕೆಳಗೆ ಮಾಡಿ ನಿಂತ ಮೂರು ತೋಟಾಗಳೂ 2ನೇ ಮ್ಯಾಗಜೀನ್‌ನವು. ಮೂರನೇ ದಿನ 1ನೆಯದರಲ್ಲೇ 100 ಹೊಡೆದೆ. ಆ ಬಗೆಯ ತಡೆ ಒಂದೂ ಇಲ್ಲ. 2ನೆಯದರಲ್ಲಿ 50 ಹೊಡೆದೆ, ಎರಡು ಸಲ ಬಂತು. ಮನೆಗೆ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು, ಮೇಲಿಂದ ಟಾರ್ಚ್ ಬಿಟ್ಟು ನೋಡಿದೆ. ತೋಟಾವನ್ನು ಹಿಡಿದಿಡುವ ಎರಡು ತುಟಿಗಳಲ್ಲಿ ಒಂದು, 2ನೆಯದರಲ್ಲಿ ಕೂದಲೆಳೆಯಷ್ಟು ಒಳಕ್ಕೆ ಬಾಗಿತ್ತು. ಮದ್ದಿಲ್ಲದ ಡಮ್ಮಿ ತೋಟಾ ತುಂಬಿದರೆ 1ನೆಯದರಲ್ಲಿ ಮೂತಿ ಮೇಲಕ್ಕೆ ನೋಡುತ್ತಿತ್ತು, 2ನೆಯದರಲ್ಲಿ ನೆಟ್ಟಗೆ ಮುಂದಕ್ಕೆ. ಸಿಕ್ಕಿಕೊಂಡಿದ್ದ ತೋಟಾಗಳನ್ನು ಎತ್ತಿಟ್ಟಿದ್ದೆ. ಅವುಗಳ ಸೀಸದ ಮೂತಿಯ ಕೆಳಭಾಗದಲ್ಲಿ ಒಂದೇ ಜಾಗದಲ್ಲಿ ಉಗುರಿನಿಂದ ಗೀರಿದ ಹಾಗೆ ಗುರುತು.

ಇಕ್ಕಳದಲ್ಲಿ ಆ ತುಟಿಯನ್ನು ಬಾಗಿಸಿ ಸರಿಮಾಡುವವರಿದ್ದಾರೆ. ನಾನು ಮಾಡಲಿಲ್ಲ. ಒಂದು ಸಲ ಬಾಗಿಸಿದ ಮೇಲೆ ಮುಂದಿನ ತಡೆ ಬಂದಾಗೆಲ್ಲ ನನ್ನ ಕೈಕೆಲಸದ ಮೇಲೇ ಅನುಮಾನ. ಅಂಗಡಿಯವರು ರಸೀದಿ ನೋಡಿ ತಕರಾರಿಲ್ಲದೆ ಹೊಸದು ಕೊಟ್ಟರು. ಮ್ಯಾಗಜೀನ್‌ನ ಕಥೆ ಅಲ್ಲಿಗೆ ಮುಗಿಯಿತು.

ನಾಲ್ಕನೇ ದಿನ ತೋಟಾ ಬದಲಾಯಿಸಿದೆ. ಅದುವರೆಗೆ ಹೊಡೆದದ್ದು ಸಗಟು ಡಬ್ಬದ್ದು, ಸಡಿಲವಾಗಿ ಸುರಿದು ತುಂಬಿರುತ್ತಾರಲ್ಲ, ಅದು. 36 ಗ್ರೇನ್ (ಸುಮಾರು 2.3 ಗ್ರಾಂ) ಗುಂಡು, ಮೂತಿಯಲ್ಲಿ ಗುಳಿ. ಅದರ ಬದಲು ಸಿಸಿಐ ಕಂಪನಿಯ ಮಿನಿ-ಮ್ಯಾಗ್ ತೋಟಾ ತಂದೆ. 40 ಗ್ರೇನ್, ಉರುಟು ಮೂತಿ, ತಾಮ್ರದ ಲೇಪ, ವೇಗ ಸೆಕೆಂಡಿಗೆ 1,235 ಅಡಿ. ಮಾಮೂಲಿ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾದ್ದು 1,070ರ ಆಸುಪಾಸು. ಹೊಸ ರೈಫಲ್‌ನ ಸ್ಪ್ರಿಂಗ್ ಬಿಗಿ ಇರುತ್ತದೆ, ಲೋಹದ ಮೈ ಇನ್ನೂ ಒರಟು. ಅದನ್ನು ಪಳಗಿಸಲು ಸ್ವಲ್ಪ ಜೋರಿನ ತೋಟಾವೇ ಒಳ್ಳೆಯದು ಅಂತ ರೇಂಜಿನ ಹಿರಿಯರು ಹೇಳಿದ್ದರು. ನೋಡಿದರೆ ಅವರ ಮಾತು ನಿಜ. 100ಕ್ಕೆ 4 ತಡೆ ಮಾತ್ರ. ಒಂದು ಹಾರಲಿಲ್ಲ. ಮೂರು ಖಾಲಿ ಕೊಳವೆ ಒಳಗೇ ಉಳಿದವು.

ಇಲ್ಲಿ ಬಹಳ ಜನ ನಿಲ್ಲಿಸಿಬಿಡುತ್ತಾರೆ. "ಇದಕ್ಕೆ ದುಬಾರಿ ತೋಟಾನೇ ಬೇಕು" ಅಂತ ತೀರ್ಮಾನ. ನನ್ನ ಗೆಳೆಯನೂ ಅದನ್ನೇ ಹೇಳಿದ. ಆದರೆ ಆ ಮೂರು ನನ್ನನ್ನು ಕೊರೆಯುತ್ತಿದ್ದವು. ಒಳ್ಳೆಯ ತೋಟಾ, ಒಳ್ಳೆಯ ಮ್ಯಾಗಜೀನ್, ಶುದ್ಧ ರೈಫಲ್. ಹಾಗಿದ್ದರೂ ಖಾಲಿ ಕೊಳವೆ ಯಾಕೆ ಬರುವುದಿಲ್ಲ? ಜೋರಿನ ತೋಟಾ ಆ ತೊಂದರೆಯನ್ನು ವಾಸಿ ಮಾಡಿರಲಿಲ್ಲ, ಮುಚ್ಚಿತ್ತು ಅಷ್ಟೇ.

ಮೊದಲು ಕೊಕ್ಕೆಯ ಮೇಲೆ ಅನುಮಾನ ಬಂತು. ಬೋಲ್ಟ್ ಹೊರಗೆ ತೆಗೆದು ಒಂದು ಖಾಲಿ ಕೊಳವೆಯ ಅಂಚನ್ನು ಕೊಕ್ಕೆಯ ಕೆಳಗೆ ಸಿಕ್ಕಿಸಿ ಅಲ್ಲಾಡಿಸಿದೆ. ಬೀಳಲಿಲ್ಲ. ಗಟ್ಟಿಯಾಗಿ ಹಿಡಿದಿತ್ತು. ತುದಿ ಚೂಪಾಗಿತ್ತು. ಕೊಕ್ಕೆಯ ತಪ್ಪಲ್ಲ. ರೈಫಲನ್ನು ಮರದ ಹಿಡಿಗೆ ಕೂರಿಸುವ ಸ್ಕ್ರೂ ಅತಿ ಬಿಗಿಯಾದರೆ ಬೋಲ್ಟ್ ಉಜ್ಜುತ್ತದೆ ಅಂತ ಯಾರೋ ಅಂದರು. ಸಡಿಲಿಸಿ ನೋಡಿದೆ, ವ್ಯತ್ಯಾಸ ಇಲ್ಲ.

ಆ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಪತ್ರಿಕೆ ಹಾಸಿ ಖಾಲಿ ಕೊಳವೆಗಳನ್ನು ಸುರಿದೆ. ಮಗಳ ಶಾಲೆಯ ಭೂತಗನ್ನಡಿ ತೆಗೆದುಕೊಂಡು ಒಂದೊಂದನ್ನೇ ನೋಡುತ್ತಾ ಹೋದೆ. ಏನು ಹುಡುಕುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಬುಡದ ಅಂಚಿನಲ್ಲಿ ಪಿನ್ ಬಡಿದ ಗುಳಿ, ಸಣ್ಣ ಆಯತ. ಹಿತ್ತಾಳೆಯ ಮೈಮೇಲೆ ಹೊಗೆಯ ಕಪ್ಪು. ಹತ್ತೋ ಹನ್ನೆರಡೋ ನೋಡಿದ ಮೇಲೆ ಕಣ್ಣಿಗೆ ಬಿತ್ತು. ಕೊಳವೆಯ ಉದ್ದಕ್ಕೂ ಒಂದು ತೆಳು ಗೀರು, ಹೊಸ ಹಿತ್ತಾಳೆಯಂತೆ ಹೊಳೆಯುವ ಒಂದೇ ಗೆರೆ. ಇನ್ನೊಂದನ್ನು ಎತ್ತಿಕೊಂಡೆ. ಅದರಲ್ಲೂ ಇದೆ. ಮತ್ತೊಂದು, ಅದರಲ್ಲೂ. ಆಮೇಲೆ ಗಮನಿಸಿದೆ, ಆ ಗೀರು ಯಾವಾಗಲೂ ಪಿನ್ನಿನ ಗುಳಿಯ ನೇರಕ್ಕೇ ಇದೆ. ಗುಳಿಯಿಂದ ಶುರುವಾಗಿ ಬಾಯಿಯ ತನಕ, ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. 40 ಕೊಳವೆ ಸಾಲಾಗಿ ಜೋಡಿಸಿದೆ. 40ರಲ್ಲೂ ಅದೇ.

ತೋಟಾ ಉರುಟು. ಚೇಂಬರಿಗೆ ಹೇಗೆ ಬೇಕಾದರೂ ತಿರುಗಿಕೊಂಡು ಹೋಗಬಹುದು. ಪಿನ್ ಮಾತ್ರ ಯಾವಾಗಲೂ ಒಂದೇ ಜಾಗಕ್ಕೆ, ಮೇಲುಗಡೆ ಬಡಿಯುತ್ತದೆ. ಗೀರು ಗುಳಿಯ ನೇರಕ್ಕೇ ಇದೆ ಅಂದರೆ, ಗೀರುವ ವಸ್ತು ಚೇಂಬರಿನಲ್ಲಿ ಪಿನ್ ಬಡಿಯುವ ಜಾಗದಲ್ಲೇ ಇದೆ. ಬೋಲ್ಟ್ ತೆಗೆದು, ಎರಡೆರಡು ಸಲ ಖಾಲಿ ಅಂತ ಖಚಿತ ಮಾಡಿಕೊಂಡು, ಟಾರ್ಚ್ ಹಾಕಿ ನೋಡಿದೆ. ಚೇಂಬರಿನ ಬಾಯಿಯಲ್ಲಿ, ಗಡಿಯಾರದ ಹನ್ನೆರಡು ಗಂಟೆಯ ಜಾಗದಲ್ಲಿ, ಒಂದು ಪುಟ್ಟ ತಗ್ಗು. ಆ ತಗ್ಗಿನಿಂದ ಒತ್ತರಿಸಿದ ಉಕ್ಕು ಚೇಂಬರಿನ ಒಳಕ್ಕೆ ಉಬ್ಬಿ ನಿಂತಿತ್ತು. ಬೆಂಕಿಕಡ್ಡಿಯ ತುದಿ ಆಡಿಸಿದರೆ ಅಲ್ಲಿ ಮಾತ್ರ ತಡೆಯುತ್ತಿತ್ತು.

ಅದು ಎಲ್ಲಿಂದ ಬಂತು ಅಂತ ಹೊಳೆಯಲು ಒಂದು ನಿಮಿಷ ಬೇಕಾಯಿತು. ರೈಫಲ್ ತಂದ ವಾರ, ರೇಂಜಿಗೆ ಹೋಗುವ ಮೊದಲು, ದಿನಾ ರಾತ್ರಿ ಖಾಲಿ ರೈಫಲ್ ಹಿಡಿದು ಟ್ರಿಗರ್ ಎಳೆಯುವುದನ್ನು ಅಭ್ಯಾಸ ಮಾಡಿದ್ದೆ. ದಿನಕ್ಕೆ ಇಪ್ಪತ್ತು, ಮೂವತ್ತು ಸಲ. ತೋಟಾ ಇದ್ದಿದ್ದರೆ ಅದರ ಅಂಚು ಪಿನ್ನಿನ ಪೆಟ್ಟನ್ನು ತಾಳಿಕೊಳ್ಳುತ್ತಿತ್ತು. ಇಲ್ಲದಿದ್ದರೆ ಪಿನ್ ನೇರವಾಗಿ ಚೇಂಬರಿನ ಬಾಯಿಗೇ ಹೋಗಿ ಬಡಿಯುತ್ತದೆ. ಕೆಲವು ರೈಫಲ್‌ಗಳಲ್ಲಿ ಪಿನ್ ಅಷ್ಟು ಮುಂದೆ ಬರದ ಹಾಗೆ ತಡೆ ಇಟ್ಟಿರುತ್ತಾರೆ. ನನ್ನದರಲ್ಲಿ ಹಾಗಿಲ್ಲ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಖಾಲಿ ಹೊಡೆಯಬೇಡಿ ಅಂತ ಬರೆದೂ ಇತ್ತು. ನಾನು ಓದಿದ್ದು ಆ ರಾತ್ರಿ.

ಅರದಿಂದ ಉಜ್ಜಿ ತೆಗೆಯೋಣ ಅಂತ ಕೈ ಹೋಗಿತ್ತು. ಮಾಡದೇ ಇದ್ದದ್ದು ಒಳ್ಳೆಯದಾಯಿತು. ಸೋಮವಾರ ಇಲ್ಲಿನ ಬಂದೂಕು ರಿಪೇರಿಯವರ ಹತ್ತಿರ ಒಯ್ದೆ. ಎಪ್ಪತ್ತು ದಾಟಿದ ಹಿರಿಯರು. ನನ್ನ ಖಾಲಿ ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿ, ರೈಫಲ್ ಬಿಚ್ಚುವ ಮೊದಲೇ "ಖಾಲಿ ಹೊಡೆದಿದ್ದೀರಿ" ಅಂದರು. ನಾನು ಹೌದು ಅಂದೆ. ಅರ ಹಾಕಿದರೆ ಉಕ್ಕು ಹೋಗಿಬಿಡುತ್ತದೆ, ಆ ಜಾಗ ಮತ್ತೆ ತುಂಬುವುದಿಲ್ಲ ಅಂತ ಅವರು ವಿವರಿಸಿದರು. ಉಕ್ಕು ಎಲ್ಲೂ ಹೋಗಿಲ್ಲ, ಜರುಗಿದೆ ಅಷ್ಟೇ. ಅದನ್ನು ವಾಪಸ್ ಒತ್ತಬೇಕು. ಇದಕ್ಕೆಂದೇ ಒಂದು ಉಪಕರಣ ಇದೆ, ಚೇಂಬರ್ ಐರನ್ ಅನ್ನುತ್ತಾರೆ. ಗಟ್ಟಿ ಉಕ್ಕಿನ ನುಣುಪಾದ ಕಡ್ಡಿ, ತುದಿಗೆ ಹೋಗುತ್ತಾ ತೆಳ್ಳಗಾಗುತ್ತದೆ. ಒಂದು ಹನಿ ಎಣ್ಣೆ ಹಾಕಿ ಅದನ್ನು ಚೇಂಬರಿನೊಳಗೆ ತೂರಿಸಿ, ಉಬ್ಬಿದ ಜಾಗಕ್ಕೆ ಒತ್ತುತ್ತಾ ನಿಧಾನಕ್ಕೆ ಉರುಳಿಸಿದರು. ಬಟ್ಟೆಯ ಸುಕ್ಕನ್ನು ಇಸ್ತ್ರಿ ಮಾಡುವ ಹಾಗೆ. ಹತ್ತು ನಿಮಿಷವೂ ಆಗಲಿಲ್ಲ. ಒಂದು ತೋಟಾವನ್ನು ಚೇಂಬರಿನೊಳಗೆ ಬಿಟ್ಟರು, ಟಕ್ ಅಂತ ತನ್ನ ಭಾರಕ್ಕೇ ಹೋಗಿ ಕೂತಿತು. ರೈಫಲ್ ಮೂತಿ ಮೇಲಕ್ಕೆತ್ತಿದರು, ಅದು ತಾನಾಗೇ ಜಾರಿ ಅಂಗೈಗೆ ಬಿತ್ತು.

ಹಾರದ ತೋಟಾದ ಬಗ್ಗೆಯೂ ಕೇಳಿದೆ. ಮೂರನೇ ದಿನ ನಾನು ಒಂದು ಪ್ರಯೋಗ ಮಾಡಿದ್ದೆ. ಹಾರದ ಎರಡು ತೋಟಾಗಳನ್ನು, ಗುಳಿ ಮತ್ತೆ ಮೇಲುಗಡೆಗೇ ಬರುವ ಹಾಗೆ, ಅದೇ ಜಾಗಕ್ಕೆ ಪೆಟ್ಟು ಬೀಳುವಂತೆ ಹಾಕಿ ಹೊಡೆದಿದ್ದೆ. ಎರಡೂ ಹಾರಿದ್ದವು. ಅಲ್ಲಿ ಮಸಾಲೆ ಇರದಿದ್ದರೆ ಎರಡನೇ ಪೆಟ್ಟಿಗೂ ಹಾರಬಾರದಿತ್ತಲ್ವಾ? ಅವರು ತಲೆದೂಗಿದರು. ಉಬ್ಬು ಇದ್ದಿದ್ದರಿಂದ ಒಮ್ಮೊಮ್ಮೆ ತೋಟಾ ಪೂರ್ತಿ ಒಳಗೆ ಕೂರುತ್ತಿರಲಿಲ್ಲ. ಮೊದಲ ಪೆಟ್ಟಿನ ಶಕ್ತಿಯೆಲ್ಲ ಅದನ್ನು ಒಳಗೆ ದಬ್ಬುವುದಕ್ಕೇ ಖರ್ಚು. ಎರಡನೇ ಪೆಟ್ಟಿಗೆ ಹಾರುತ್ತಿತ್ತು. ಕೇಪಿನ ಕೆಳಗಿನ ಕಲ್ಲು ಅಲ್ಲಾಡುತ್ತಿತ್ತು, ಅಷ್ಟೇ ವಿಷಯ.

ಬೀಳ್ಕೊಡುವಾಗ ಅವರು ಒಂದು ಪೊಟ್ಟಣ ಕೊಟ್ಟರು. ಗೋಡೆಗೆ ಸ್ಕ್ರೂ ಕೂರಿಸಲು ಹಾಕುವ ಹಳದಿ ಪ್ಲಾಸ್ಟಿಕ್ ಪ್ಲಗ್‌ಗಳು, 4-6 ನಂಬರಿನವು. .22ರ ಚೇಂಬರಿನಲ್ಲಿ ಅದು ತೋಟಾದ ಹಾಗೇ ಕೂರುತ್ತದೆ, ಅದರ ಅಂಚು ಪಿನ್ನಿನ ಪೆಟ್ಟು ತಾಳಿಕೊಳ್ಳುತ್ತದೆ. ಎಂಟು ಹತ್ತು ಪೆಟ್ಟಾದ ಮೇಲೆ ಸ್ವಲ್ಪ ತಿರುಗಿಸಿ ಹಾಕಿದರಾಯಿತು, ಸುತ್ತಲೂ ಜಜ್ಜಿಹೋದ ಮೇಲೆ ಬಿಸಾಕಿ ಹೊಸದು. ಹಳದಿ ಬಣ್ಣ ಇರುವುದರಿಂದ ನಿಜವಾದ ತೋಟಾ ಅಂತ ಮೋಸ ಹೋಗುವ ಭಯವೂ ಇಲ್ಲ. ಈಗ ನನ್ನ ಅಭ್ಯಾಸವೆಲ್ಲ ಅದರಲ್ಲೇ. ಅಭ್ಯಾಸದ ಹೊತ್ತಿನಲ್ಲಿ ನಿಜವಾದ ತೋಟಾಗಳ ಡಬ್ಬ ಬೇರೆ ಕೋಣೆಯಲ್ಲಿ, ಬೀಗದೊಳಗೆ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳಿದೆ.

"ಖಾಲಿ ಇದ್ದಾಗ ಎಳೆದು ಎಳೆದು ಹಾಳು ಮಾಡ್ಕೊಂಡಿದ್ದೆ ಅಪ್ಪಯ್ಯ."

ಅಪ್ಪಯ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬರೀ ಕೋವೀಲಿ ಕುದುರೆ ಬಿಡಬಾರ್ದು ಅಂತ ನಿಂಗೆ ಸಣ್ಣವನಿದ್ದಾಗ್ಲೇ ಹೇಳಿದ್ದೆ ಕಣೋ" ಅಂದರು. ಕುದುರೆ ಅಂದರೆ ಕೋವಿಯ ಪಿನ್ನಿಗೆ ಬಡಿಯುವ ಸುತ್ತಿಗೆಯಂಥ ಭಾಗ. ಹೇಳಿದ್ದರು, ನಿಜ. ಕೋವಿ ಒರೆಸಿ ಎತ್ತಿಡುವಾಗ ಅವರು ಒಂದು ಹಾರಿದ ಖಾಲಿ ತೋಟಾವನ್ನು ನಳಿಗೆಗೆ ಹಾಕಿ, ಆಮೇಲೆ ಕುದುರೆ ಇಳಿಸುತ್ತಿದ್ದರು. ಆ ತೋಟಾ ಒಂದು ಡಬ್ಬದಲ್ಲಿ ಇದಕ್ಕೆಂದೇ ಇರುತ್ತಿತ್ತು. ಕಣ್ಣೆದುರಿಗೆ ನೂರು ಸಲ ನೋಡಿದ್ದೆ. ಯಾಕೆ ಅಂತ ಒಂದು ಸಲವೂ ಕೇಳಿರಲಿಲ್ಲ.

ರಿಪೇರಿಯ ಮೇಲೆ ಮಿನಿ-ಮ್ಯಾಗ್ 200 ಹೊಡೆದೆ. ಒಂದೂ ತಡೆ ಇಲ್ಲ. ಕೊಳವೆಗಳ ಮೇಲಿನ ಗೀರೂ ಹೋಗಿತ್ತು. ಆಮೇಲೆ ಬೇಕೆಂದೇ ಹಳೇ ಸಗಟು ಡಬ್ಬಕ್ಕೆ ವಾಪಸ್ ಬಂದೆ. 200ಕ್ಕೆ 3. ಎರಡು ಹಾರಲಿಲ್ಲ. ಅವುಗಳಲ್ಲಿ ಒಂದು ತಿರುಗಿಸಿ ಹಾಕಿದಾಗ ಹಾರಿತು, ಇನ್ನೊಂದು ಮೂರು ಕಡೆ ಬಡಿದರೂ ಹಾರಲೇ ಇಲ್ಲ. ಎರಡರಲ್ಲೂ ಗುಳಿ ಆಳವಾಗಿಯೇ ಇತ್ತು. ಅಲ್ಲಿ ಮಸಾಲೆ ಹರಡಿಲ್ಲ, ತೋಟಾದ್ದೇ ದೋಷ, ರೈಫಲ್‌ನದಲ್ಲ. ಮೂರನೆಯದು ಖಾಲಿ ಕೊಳವೆ ಬೋಲ್ಟಿನ ಬಾಯಿಗೆ ಚಿಮಣಿಯ ಹಾಗೆ ನೆಟ್ಟಗೆ ಸಿಕ್ಕಿಕೊಂಡದ್ದು. ಬಿಚ್ಚಿ ನೋಡಿದರೆ ಕೊಕ್ಕೆಯ ಸಂದಿಯಲ್ಲಿ ಮೇಣ, ಮಸಿ, ಹಿತ್ತಾಳೆ ಪುಡಿ ಸೇರಿ ಗಟ್ಟಿಯಾಗಿತ್ತು. ಹಲ್ಲುಕಡ್ಡಿಯಿಂದ ಕೆರೆದು ತೆಗೆದೆ. ಈಗ ಪ್ರತಿ 300 ಈಡಿಗೊಮ್ಮೆ ಆ ಸಂದಿಯನ್ನೂ ಚೇಂಬರಿನ ಬಾಯಿಯನ್ನೂ ಬ್ರಷ್ ಹಾಕಿ ತೊಳೆಯುತ್ತೇನೆ. ನಳಿಗೆಯ ಒಳಗನ್ನು ಅಷ್ಟೊಂದು ತಿಕ್ಕುವುದಿಲ್ಲ, ಅದು ಬೇಕಾಗುವುದೂ ಇಲ್ಲ. ಮನೆಗೆ ಬಂದ ತಕ್ಷಣ ಸೋಪು ಹಾಕಿ ಕೈ ತೊಳೆಯುತ್ತೇನೆ, ಸೀಸದ ಧೂಳು ಇರುತ್ತದೆ, ಮನೆಯಲ್ಲಿ ಮಗು ಇದೆ.

ಗೆಳೆಯ ಕಳೆದ ತಿಂಗಳು ತನ್ನ ರೈಫಲ್ ತಂದಿದ್ದ. ಅವನದೂ ಅಲ್ಲಲ್ಲಿ ನಿಲ್ಲುತ್ತಿತ್ತು, ಸ್ಪ್ರಿಂಗ್ ಎರಡು ಸಲ ಬದಲಾಯಿಸಿದ್ದನಂತೆ. "ಮೊದಲು ಖಾಲಿ ಕೊಳವೆ ಹೆಕ್ಕೋಣ ಮಾರಾಯ" ಅಂದೆ. ಇಬ್ಬರೂ ಬೆಂಚಿನ ಕೆಳಗೆ ಕೂತು 50 ಕೊಳವೆ ಹೆಕ್ಕಿ ಸಾಲಾಗಿ ಜೋಡಿಸಿದೆವು. ಅವನದರಲ್ಲಿ ಗೀರು ಇರಲಿಲ್ಲ. ಪಿನ್ನಿನ ಗುಳಿಗಳು ಮಾತ್ರ ಕೆಲವು ಆಳ, ಕೆಲವು ತೀರಾ ತೇಲು. ಅವನ ಬೋಲ್ಟ್ ಇವತ್ತು ಸಂಜೆ ಬಿಚ್ಚುವುದು ಅಂತ ಮಾತಾಗಿದೆ. ನೋಟ್‌ಬುಕ್‌ನಲ್ಲಿ ಅವನಿಗೂ ಒಂದು ಪುಟ ಬಿಟ್ಟಿದ್ದೇನೆ.